ಹಿರಿಯರ ಕುಡಿತ ಮತ್ತು ಮರೆವು: ಗ್ರಾಮ ಮಟ್ಟದಲ್ಲಿ ಸಕಾಲಿಕ ತಪಾಸಣೆ

(ಗ್ರಾಮ ಪಂಚಾಯತಿ ಸದಸ್ಯರು, ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗಳ ಸದಸ್ಯರು ಹಾಗೂ ಆಶಾ ಕಾರ್ಯಕರ್ತೆಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಮೂವತ್ತು ವರ್ಷ ಮೇಲ್ಪಟ್ಟ ಪ್ರತಿಯೊಬ್ಬರ ಆರೋಗ್ಯದ ವಿವರವನ್ನು ಮನೆ ಮನೆಗೆ ಹೋಗಿ ದಾಖಲಿಸಲು ಆಶಾ ಕಾರ್ಯಕರ್ತೆಯರ ಕೈಯಲ್ಲಿ ಒಂದು ನಮೂನೆ ಇರುತ್ತದೆ. ಸಮುದಾಯ ಆಧಾರಿತ ಮೌಲ್ಯಮಾಪನ ಪಟ್ಟಿ ಎಂಬ ಈ ನಮೂನೆಯನ್ನು ಎಲ್ಲರೂ ‘ಸಿಬ್ಯಾಕ್’ ಎಂದೇ ಕರೆಯುತ್ತಾರೆ. ಅದರ ಮೊದಲ ಭಾಗದಲ್ಲಿ ಪ್ರತಿದಿನ ಮದ್ಯಪಾನ ಮಾಡುವಿರಾ ಎಂಬ ಪ್ರಶ್ನೆಯಿದೆ. ಮುಂದೆ ಅರವತ್ತು ವರ್ಷ ಮೇಲ್ಪಟ್ಟವರಿಗೆಂದೇ ಮೀಸಲಾದ ಪ್ರಶ್ನೆಗಳಲ್ಲಿ ನಿಲ್ಲುವಾಗ ಅಥವಾ ನಡೆಯುವಾಗ ತೋಲ ತಪ್ಪುವುದೇ, ನಿತ್ಯದ ಕೆಲಸಗಳಿಗೆ ಇತರರ ನೆರವು ಬೇಕೇ, ಹತ್ತಿರದವರ ಹೆಸರು ಅಥವಾ ಸ್ವಂತ ಮನೆಯ ವಿಳಾಸ ಮರೆತುಹೋಗುವುದೇ ಎಂದು ಕೇಳಲಾಗುತ್ತದೆ. ಹಿರಿಯರ ಈ ಪ್ರಶ್ನೆಗಳಲ್ಲಿ ಯಾವುದೇ ಒಂದಕ್ಕೆ ‘ಹೌದು’ ಎಂಬ ಉತ್ತರ ಬಂದರೂ ವೈದ್ಯಾಧಿಕಾರಿ ಇರುವ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕೆಂದು ನಮೂನೆಯೇ ತಿಳಿಸುತ್ತದೆ.

ಎರಡೂ ಪ್ರಶ್ನೆಗಳು ಒಂದೇ ನಮೂನೆಯಲ್ಲಿವೆ. ಆದರೆ ಕುಡಿತದ ಕಾಲಂ ಮತ್ತು ಮರೆವಿನ ಕಾಲಂಗಳನ್ನು ಜೊತೆಗಿಟ್ಟು ಓದುವ ರೂಢಿ ಬೆಳೆದಿಲ್ಲ. ಕುಡಿಯುವ ಹಿರಿಯರು ಮರೆತರೆ ಅದು ಅಮಲು. ತೂರಾಡಿದರೆ ಅದೂ ಅಮಲು. ಮಾತು ತಪ್ಪಿದರೆ ಅದು ಬೇಜವಾಬ್ದಾರಿ. ಊರು ಹೀಗೆ ತೀರ್ಮಾನ ಮಾಡಿದ ನಂತರ ಆ ವ್ಯಕ್ತಿಯನ್ನು ವೈದ್ಯರ ಬಳಿಗೆ ಕರೆದೊಯ್ಯುವ ಅಗತ್ಯವೇ ಯಾರಿಗೂ ಕಾಣುವುದಿಲ್ಲ. ಚಿಕಿತ್ಸೆಯಿಂದ ತಡೆಯಬಹುದಾದ ಹಾನಿಯೂ ಹೀಗೆ ಕೈಮೀರಿ ಹೋಗುತ್ತದೆ. ಆದುದರಿಂದ ಈ ಎರಡು ಕಾಲಂಗಳನ್ನು ಜೊತೆಯಾಗಿ ಓದುವುದು ಏಕೆ ಅಗತ್ಯ, ಓದಿದ ನಂತರ ಏನು ಮಾಡಬೇಕು ಎಂಬುದೇ ಈ ಉಪನ್ಯಾಸದ ವಿಷಯ.

1. ಸಮಸ್ಯೆಯ ವ್ಯಾಪ್ತಿ

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ 10ರಿಂದ 75 ವರ್ಷದೊಳಗಿನ ಸುಮಾರು 16 ಕೋಟಿ ಜನ ಮದ್ಯಪಾನ ಮಾಡುತ್ತಾರೆ, ಅವರಲ್ಲಿ 5.7 ಕೋಟಿಗೂ ಹೆಚ್ಚು ಜನರಿಗೆ ಮದ್ಯದ ಸಮಸ್ಯೆಗಾಗಿ ನೆರವು ಬೇಕಾಗಿದೆ. ಮದ್ಯವ್ಯಸನಕ್ಕೆ ಒಳಗಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಬಗೆಯ ಚಿಕಿತ್ಸೆ ದೊರೆತಿತ್ತು. ಇನ್ನೊಂದು ಕಡೆ, ದೇಶದ ಹಿರಿಯರ ಕುರಿತು ನಡೆದ ಅಧ್ಯಯನದ ಆಧಾರದ ಮೇಲೆ 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಅರವತ್ತು ವರ್ಷ ಮೇಲ್ಪಟ್ಟವರಲ್ಲಿ ಶೇಕಡ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ, ಅಂದರೆ ಮರೆಗುಳಿತನದ ಕಾಯಿಲೆ ಇದೆ. ಅತಿಯಾದ ಮದ್ಯಪಾನವು ಡಿಮೆನ್ಶಿಯಾದ ತಡೆಯಬಹುದಾದ ಕಾರಣಗಳಲ್ಲಿ ಒಂದೆಂದು ಲ್ಯಾನ್ಸೆಟ್ ಆಯೋಗವು 2020ರ ತನ್ನ ವರದಿಯಲ್ಲಿ ಸೇರಿಸಿದೆ.

ನಮ್ಮ ರಾಜ್ಯಕ್ಕೆ ಸಂಬಂಧಿಸಿದಂತೆ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಸಾರಾಯಿ ಮಾರಾಟವು 2007ರ ಜುಲೈ 1ರಿಂದ ನಿಷೇಧಗೊಂಡಿತು. ಅಂದು ನಲವತ್ತು, ನಲವತ್ತೈದರ ಪ್ರಾಯದಲ್ಲಿ ದಿನವೂ ಸಾರಾಯಿ ಕುಡಿಯುತ್ತಿದ್ದವರು ಇಂದು ಅರವತ್ತನ್ನು ತಲುಪಿದ್ದಾರೆ ಅಥವಾ ದಾಟಿದ್ದಾರೆ. ಅವರಲ್ಲಿ ಹಲವರು ಕಡಿಮೆ ಬೆಲೆಯ ಬೇರೆ ಮದ್ಯಕ್ಕೆ ಹೊರಳಿಕೊಂಡರು. ಹೀಗೆ ಎರಡು ಮೂರು ದಶಕಗಳ ಕುಡಿತದ ಹಿನ್ನೆಲೆಯೊಂದಿಗೆ ಮುಪ್ಪಿಗೆ ಕಾಲಿಡುತ್ತಿರುವ ಒಂದು ತಲೆಮಾರು ಹಳ್ಳಿಗಳಲ್ಲಿದೆ. ಇದಲ್ಲದೆ ಸಂಗಾತಿಯ ಸಾವು, ಮಕ್ಕಳು ಊರು ಬಿಟ್ಟದ್ದು, ದುಡಿಮೆ ನಿಂತದ್ದು ಮುಂತಾದ ಕಾರಣಗಳಿಂದ ಇಳಿವಯಸ್ಸಿನಲ್ಲಿ ಕುಡಿತ ಆರಂಭಿಸಿದವರೂ ಇದ್ದಾರೆ. ಇವರಲ್ಲಿ ಮಹಿಳೆಯರೂ ಇದ್ದಾರೆ. ಅವರ ಕುಡಿತ ಮನೆಯೊಳಗೇ ಮರೆಯಾಗಿ ಉಳಿಯುವುದರಿಂದ ಅವರನ್ನು ಗುರುತಿಸುವುದು ಇನ್ನೂ ತಡವಾಗುತ್ತದೆ.

2. ಅಳತೆಯ ಲೆಕ್ಕ

‘ಸ್ವಲ್ಪ ಮಾತ್ರ’ ಎಂಬ ಉತ್ತರವನ್ನು ಅಳತೆಯಾಗಿ ಪರಿವರ್ತಿಸದೆ ಯಾವ ತಪಾಸಣೆಯೂ ಪೂರ್ಣವಾಗದು. ನಮ್ಮಲ್ಲಿ ಮಾರಾಟವಾಗುವ ವಿಸ್ಕಿ, ಬ್ರಾಂದಿ, ರಮ್ ಮುಂತಾದವುಗಳಲ್ಲಿ ಸಾಮಾನ್ಯವಾಗಿ ಮದ್ಯಸಾರದ ಪ್ರಮಾಣ ಶೇಕಡ 42.8. ಇದರ 30 ಮಿಲಿಲೀಟರಿನಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. ಇದನ್ನು ಒಂದು ಪ್ರಮಾಣವೆಂದು ಎಣಿಸಬಹುದು. ಹಾಗಾದರೆ 90 ಮಿಲಿಲೀಟರಿನ ಒಂದು ಪೊಟ್ಟಣದಲ್ಲಿ 3 ಪ್ರಮಾಣ, 180 ಮಿಲಿಲೀಟರಿನ ಒಂದು ಕ್ವಾರ್ಟರಿನಲ್ಲಿ 6 ಪ್ರಮಾಣ. ದಿನಕ್ಕೊಂದು ಕ್ವಾರ್ಟರ್ ಕುಡಿಯುವವರ ದೇಹಕ್ಕೆ ತಿಂಗಳೊಂದರಲ್ಲಿ ಸುಮಾರು 1.8 ಕಿಲೋಗ್ರಾಂ ಶುದ್ಧ ಮದ್ಯಸಾರ ಸೇರುತ್ತದೆ. ಬೀರು ಹಗುರವೆಂಬ ನಂಬಿಕೆಯೂ ಸರಿಯಲ್ಲ. ಶೇಕಡ 8ರ ಸ್ಟ್ರಾಂಗ್ ಬೀರಿನ 650 ಮಿಲಿಲೀಟರಿನ ಒಂದು ಬಾಟಲಿಯಲ್ಲಿ 4 ಪ್ರಮಾಣದಷ್ಟು ಮದ್ಯಸಾರ ಇರುತ್ತದೆ.

ಇದೇ ಅಳತೆ ವಯಸ್ಸಾದ ದೇಹದಲ್ಲಿ ಹೆಚ್ಚು ಪರಿಣಾಮ ಬೀರುತ್ತದೆ. ವಯಸ್ಸಾದಂತೆ ದೇಹದಲ್ಲಿನ ನೀರಿನ ಅಂಶ ಕಡಿಮೆಯಾಗುತ್ತದೆ. ಮದ್ಯಸಾರವು ನೀರಿನಲ್ಲಿ ಹರಡುವ ವಸ್ತುವಾದುದರಿಂದ, ಮೂವತ್ತರಲ್ಲಿ ಕುಡಿದಷ್ಟೇ ಎಪ್ಪತ್ತರಲ್ಲಿ ಕುಡಿದರೂ ರಕ್ತದಲ್ಲಿ ಅದರ ಸಾಂದ್ರತೆ ಹೆಚ್ಚಾಗುತ್ತದೆ. ಜೊತೆಗೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ನಿದ್ರೆ, ನೋವು ಇವುಗಳಿಗೆ ತೆಗೆದುಕೊಳ್ಳುವ ಹಲವು ಮಾತ್ರೆಗಳೊಂದಿಗೆ ಮದ್ಯ ಸೇರಿದಾಗ ತಲೆಸುತ್ತು, ಬೀಳುವಿಕೆ, ರಕ್ತದ ಸಕ್ಕರೆ ಕುಸಿತ, ಗೊಂದಲ ಉಂಟಾಗಬಹುದು. ಆದುದರಿಂದ ‘ಮೊದಲಿನಷ್ಟೇ ಕುಡಿಯುತ್ತಾರೆ, ಹೆಚ್ಚಿಲ್ಲ’ ಎಂಬ ಮನೆಯವರ ಮಾತು ಸತ್ಯವೇ ಆಗಿದ್ದರೂ ಸಮಾಧಾನಕ್ಕೆ ಕಾರಣವಾಗಲಾರದು.

3. ಮೆದುಳಿನಲ್ಲಿ ಆಗುವ ಹಾನಿ

ದೀರ್ಘಕಾಲದ ಅತಿಯಾದ ಕುಡಿತ ಮೆದುಳನ್ನು ಎರಡು ಬಗೆಯಲ್ಲಿ ಕೆಡಿಸುತ್ತದೆ. ಮೊದಲನೆಯದು ಮದ್ಯಸಾರದ ನೇರ ವಿಷಪ್ರಭಾವ. ಇದರಿಂದ ಮುಖ್ಯವಾಗಿ ಮೆದುಳಿನ ಮುಂಭಾಗ ಸೊರಗುತ್ತದೆ. ಯೋಜನೆ ಮಾಡುವುದು, ಆರಂಭಿಸಿದ ಕೆಲಸವನ್ನು ಕ್ರಮವಾಗಿ ಮುಗಿಸುವುದು, ಆಸೆಯನ್ನು ತಡೆಹಿಡಿಯುವುದು, ತಪ್ಪಿನಿಂದ ಕಲಿಯುವುದು ಇವೆಲ್ಲ ಆ ಭಾಗದ ಹೊಣೆ. ಅಲ್ಲಿ ಕುಂದು ಉಂಟಾದವರು ಹಳೆಯ ಕಥೆಗಳನ್ನು ಸೊಗಸಾಗಿ ಹೇಳಬಲ್ಲರು, ನೆಂಟರಿಷ್ಟರನ್ನು ಗುರುತಿಸಬಲ್ಲರು. ಆದರೆ ಪಿಂಚಣಿ ಹಣವನ್ನು ತಿಂಗಳಿಗೆ ಹೊಂದಿಸಲಾರರು. ಮೂರು ಮಾತ್ರೆಗಳನ್ನು ಮೂರು ಹೊತ್ತಿಗೆ ಸರಿಯಾಗಿ ನುಂಗಲಾರರು.

ಎರಡನೆಯದು ಥಯಾಮಿನ್ ಎಂಬ ಜೀವಸತ್ವ, ಅಂದರೆ ವಿಟಮಿನ್ ಬಿ1ರ ಕೊರತೆ. ದೇಹದಲ್ಲಿ ಇದರ ದಾಸ್ತಾನು ಕೆಲವೇ ವಾರಗಳಿಗೆ ಸಾಕಾಗುವಷ್ಟು ಮಾತ್ರ. ಮದ್ಯವು ಕರುಳಿನಲ್ಲಿ ಥಯಾಮಿನ್ ಹೀರಿಕೊಳ್ಳುವುದನ್ನು ತಡೆಯುತ್ತದೆ. ಹೆಚ್ಚು ಕುಡಿಯುವವರು ಊಟ ಬಿಡುವುದರಿಂದ ಕೊರತೆ ಇಮ್ಮಡಿಯಾಗುತ್ತದೆ. ಹೆಚ್ಚು ಪಾಲಿಶ್ ಮಾಡಿದ ಅಕ್ಕಿಯಲ್ಲಿ ಈ ಸತ್ವ ಬಹುಪಾಲು ನಷ್ಟವಾಗಿರುತ್ತದೆ. ಕುಸುಲಕ್ಕಿ, ರಾಗಿ, ಇಡೀ ಕಾಳುಗಳು ಮತ್ತು ಕಡಲೆಕಾಯಿಯಲ್ಲಿ ಹೆಚ್ಚು ಉಳಿದಿರುತ್ತದೆ.

ಈ ಕೊರತೆ ತೀವ್ರವಾದಾಗ ಉಂಟಾಗುವ ಸ್ಥಿತಿಯನ್ನು ಜರ್ಮನಿಯ ವೈದ್ಯ ಕಾರ್ಲ್ ವೆರ್ನಿಕೆ 1881ರಲ್ಲಿ ವಿವರಿಸಿದರು. ಮನಸ್ಸಿನ ಗೊಂದಲ, ಕಣ್ಣುಗುಡ್ಡೆಯ ಚಲನೆಯಲ್ಲಿ ದೋಷ, ನಡಿಗೆಯಲ್ಲಿ ತೂರಾಟ ಇವು ಅದರ ಮೂರು ಲಕ್ಷಣಗಳು. ಮೂರೂ ಒಟ್ಟಿಗೆ ಕಾಣಿಸಿಕೊಳ್ಳುವುದು ಕೆಲವರಲ್ಲಿ ಮಾತ್ರ. ಆದುದರಿಂದ ಒಂದೆರಡು ಕಂಡರೂ ಅನುಮಾನಿಸಬೇಕು. ಇದು ತುರ್ತು ಸ್ಥಿತಿ. ಆಸ್ಪತ್ರೆಯಲ್ಲಿ ಥಯಾಮಿನನ್ನು ಚುಚ್ಚುಮದ್ದಿನ ಮೂಲಕ ಕೂಡಲೇ ನೀಡಬೇಕಾಗುತ್ತದೆ. ಥಯಾಮಿನ್ ಇಲ್ಲದೆ ಗ್ಲೂಕೋಸ್ ಮಾತ್ರ ಏರಿಸಿದರೆ ಸ್ಥಿತಿ ಬಿಗಡಾಯಿಸಬಹುದು. ‘ಸುಸ್ತಾಗಿದ್ದಾರೆ, ಒಂದು ಬಾಟಲಿ ಗ್ಲೂಕೋಸ್ ಹಾಕಿಸಿ’ ಎಂದು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ಯುವಾಗ ಇವರು ಕುಡಿಯುವವರು ಎಂಬ ಮಾಹಿತಿಯನ್ನು ಮುಚ್ಚಿಡಬಾರದು ಎಂಬುದಕ್ಕೆ ಇದೇ ಕಾರಣ.

ಚಿಕಿತ್ಸೆ ದೊರೆಯದೆ ಹೋದವರಲ್ಲಿ ಹಲವರು ಮುಂದಿನ ಹಂತವನ್ನು ತಲುಪುತ್ತಾರೆ. ರಷ್ಯಾದ ವೈದ್ಯ ಸೆರ್ಗೆಯ್ ಕೊರ್ಸಕೋವ್ 1887ರಲ್ಲಿ ಇದರ ಕುರಿತು ಬರೆದರು. ಇದರಲ್ಲಿ ಹೊಸದೇನೂ ನೆನಪಿನಲ್ಲಿ ನಿಲ್ಲುವುದಿಲ್ಲ. ನೆನಪಿನ ಖಾಲಿ ಜಾಗವನ್ನು ಮನಸ್ಸು ತಾನಾಗಿಯೇ ಕಟ್ಟುಕಥೆಯಿಂದ ತುಂಬಿಸುತ್ತದೆ. ಬೆಳಿಗ್ಗೆಯಿಂದ ಮನೆಯಲ್ಲೇ ಇದ್ದವರು ‘ಈಗಷ್ಟೇ ಸಂತೆಯಿಂದ ಬಂದೆ’ ಎಂದು ಪೂರ್ಣ ನಂಬಿಕೆಯಿಂದ ಹೇಳುತ್ತಾರೆ. ಊರಿನವರ ದೃಷ್ಟಿಯಲ್ಲಿ ಅದು ಕುಡುಕನ ಸುಳ್ಳು. ವೈದ್ಯರ ದೃಷ್ಟಿಯಲ್ಲಿ ಅದು ರೋಗದ ಲಕ್ಷಣ.

ಇಷ್ಟರ ನಡುವೆ ಭರವಸೆಯ ಸಂಗತಿಯೊಂದಿದೆ. ಅಲ್‌ಝೈಮರ್ ಕಾಯಿಲೆ ಕಾಲ ಕಳೆದಂತೆ ಹೆಚ್ಚುತ್ತಲೇ ಹೋಗುತ್ತದೆ. ಮದ್ಯದಿಂದಾದ ಹಾನಿಯ ಸ್ವಭಾವ ಬೇರೆ. ಕುಡಿತ ನಿಂತು, ಥಯಾಮಿನ್ ಮತ್ತು ಪೌಷ್ಟಿಕ ಆಹಾರ ದೊರೆತರೆ ಹಾನಿ ಮುಂದುವರಿಯುವುದು ನಿಲ್ಲಬಹುದು. ಅನೇಕರಲ್ಲಿ ವಾರಗಳು, ತಿಂಗಳುಗಳ ಅವಧಿಯಲ್ಲಿ ಸಾಕಷ್ಟು ಚೇತರಿಕೆಯೂ ಕಾಣುತ್ತದೆ. ಬೇಗ ಗುರುತಿಸಿದಷ್ಟೂ ಉಳಿಸಿಕೊಳ್ಳಬಹುದಾದ ಪಾಲು ಹೆಚ್ಚು. ತಪಾಸಣೆಯ ಅರ್ಥ ಇರುವುದು ಇಲ್ಲಿಯೇ.

4. ಎಲ್ಲ ಮರೆವಿಗೂ ಮದ್ಯವೇ ಕಾರಣವಲ್ಲ

ಕುಡಿಯುವವರಿಗೆ ಬೇರೆ ಕಾಯಿಲೆಯೂ ಬರಬಹುದೆಂಬುದನ್ನು ಮರೆಯಬಾರದು. ಕುಡಿದು ಬಿದ್ದು ತಲೆಗೆ ಪೆಟ್ಟಾದ ಹಿರಿಯರಲ್ಲಿ ತಲೆಬುರುಡೆಯ ಒಳಗೆ ರಕ್ತ ನಿಧಾನವಾಗಿ ಶೇಖರವಾಗುವುದುಂಟು. ಬಿದ್ದ ಕೆಲವು ವಾರಗಳ ಬಳಿಕ ಮಂಕು, ತೂಕಡಿಕೆ, ಒಂದು ಪಕ್ಕದ ಬಲಹೀನತೆ ಕಾಣಿಸಿಕೊಳ್ಳುತ್ತದೆ. ಆ ವೇಳೆಗೆ ಬಿದ್ದದ್ದೇ ಎಲ್ಲರಿಗೂ ಮರೆತಿರುತ್ತದೆ. ಸ್ಕ್ಯಾನಿಂಗ್ ಮಾಡಿ ಶಸ್ತ್ರಚಿಕಿತ್ಸೆಯಿಂದ ಗುಣಪಡಿಸಬಹುದಾದ ಸ್ಥಿತಿ ಇದು. ಯಕೃತ್ತು ಸೋತಾಗ ಉಂಟಾಗುವ ಗೊಂದಲ, ಸಕ್ಕರೆ ಅಂಶದ ಏರಿಳಿತ, ವಿಟಮಿನ್ ಬಿ12ರ ಕೊರತೆ, ಥೈರಾಯ್ಡ್ ದೋಷ, ಖಿನ್ನತೆ ಇವೆಲ್ಲವೂ ಮರೆವಿನ ರೂಪದಲ್ಲಿ ಕಾಣಬಹುದು. ಕಿವಿ ಕೇಳದಿರುವುದು, ಕಣ್ಣಿನ ಪೊರೆ ಇವು ಕೂಡ ಬುದ್ಧಿ ಮಂದವಾದಂತೆ ತೋರಿಸುತ್ತವೆ. ಆದುದರಿಂದ ‘ಕುಡಿತದಿಂದ ಹೀಗಾಗಿದೆ’ ಎಂಬ ತೀರ್ಮಾನ ವೈದ್ಯರ ಪರೀಕ್ಷೆಯ ಕೊನೆಯಲ್ಲಿ ಬರಬೇಕು. ಅದೇ ಮೊದಲ ಮಾತಾದರೆ ಪರೀಕ್ಷೆಗೆ ಅವಕಾಶವೇ ಇರುವುದಿಲ್ಲ.

5. ತಪಾಸಣೆಯ ಎರಡು ಹಂತಗಳು

ಮೊದಲ ಹಂತ ಕುಡಿತದ ಪ್ರಮಾಣವನ್ನು ತಿಳಿಯುವುದು. ಇದಕ್ಕೆ ಸರಳವಾದ ಪ್ರಶ್ನಾವಳಿಗಳಿವೆ. ‘ಕೇಜ್’ ಎಂಬ ಪ್ರಶ್ನಾವಳಿಯಲ್ಲಿ ಇರುವುದು ನಾಲ್ಕೇ ಪ್ರಶ್ನೆಗಳು: ಕುಡಿತ ಕಡಿಮೆ ಮಾಡಬೇಕೆಂದು ಅನ್ನಿಸಿದೆಯೇ, ಇತರರು ಟೀಕಿಸಿದಾಗ ಕಿರಿಕಿರಿಯಾಗಿದೆಯೇ, ಕುಡಿತದ ಬಗ್ಗೆ ತಪ್ಪಿತಸ್ಥ ಭಾವನೆ ಉಂಟಾಗಿದೆಯೇ, ಬೆಳಿಗ್ಗೆ ಎದ್ದೊಡನೆ ಕುಡಿಯಬೇಕಾದ ಸ್ಥಿತಿ ಬಂದಿದೆಯೇ. ಎರಡು ಅಥವಾ ಹೆಚ್ಚು ಪ್ರಶ್ನೆಗಳಿಗೆ ‘ಹೌದು’ ಎಂದರೆ ಸಮಸ್ಯೆ ಇರುವ ಸಾಧ್ಯತೆ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಪ್ರಶ್ನಾವಳಿಯಲ್ಲಿ 10 ಪ್ರಶ್ನೆಗಳಿದ್ದು, ಒಟ್ಟು 40 ಅಂಕಗಳಿವೆ. 8 ಅಥವಾ ಹೆಚ್ಚು ಅಂಕ ಬಂದರೆ ಅಪಾಯಕಾರಿ ಕುಡಿತವೆಂದು ಎಣಿಸಲಾಗುತ್ತದೆ.

ಇಲ್ಲಿ ಒಂದು ತೊಡಕಿದೆ. ಕಳೆದ ವರ್ಷದಲ್ಲಿ ಎಷ್ಟು ಬಾರಿ, ಎಷ್ಟು ಪ್ರಮಾಣ ಎಂಬ ಪ್ರಶ್ನೆಗೆ ಉತ್ತರಿಸಲು ನೆನಪು ಬೇಕು. ನೆನಪೇ ಕುಂದಿದವರ ಉತ್ತರವನ್ನು ಮಾತ್ರ ನೆಚ್ಚಿಕೊಂಡರೆ ಕುಡಿತದ ಅಂಕವೂ ತಪ್ಪಾಗುತ್ತದೆ. ಆದುದರಿಂದ ಅರವತ್ತು ದಾಟಿದವರ ವಿಷಯದಲ್ಲಿ, ಅವರ ಒಪ್ಪಿಗೆ ಪಡೆದು, ಮನೆಯ ಒಬ್ಬರನ್ನು ಪ್ರತ್ಯೇಕವಾಗಿ ಮಾತನಾಡಿಸುವುದು ಅವಶ್ಯ.

ಎರಡನೆಯ ಹಂತ ಅರಿವಿನ ಶಕ್ತಿಯ ಪರೀಕ್ಷೆ. 1975ರಿಂದ ಬಳಕೆಯಲ್ಲಿರುವ ‘ಎಂಎಂಎಸ್‌ಇ’ ಮತ್ತು 2005ರಲ್ಲಿ ಪ್ರಕಟವಾದ ‘ಮೋಕಾ’ ಇವೆರಡೂ 30 ಅಂಕಗಳ ಪರೀಕ್ಷೆಗಳು. ಸುಮಾರು ಹತ್ತು ನಿಮಿಷ ಸಾಕು. ದಿನಾಂಕ ಮತ್ತು ಸ್ಥಳದ ಅರಿವು, ಪದಗಳನ್ನು ನೆನಪಿಡುವುದು, ಲೆಕ್ಕ, ಚಿತ್ರ ಬರೆಯುವುದು ಮುಂತಾದವು ಇವುಗಳಲ್ಲಿವೆ. ಮದ್ಯದಿಂದ ಕುಂದುವ ಯೋಜನಾಶಕ್ತಿಯನ್ನು ಎಂಎಂಎಸ್‌ಇ ಅಷ್ಟಾಗಿ ಅಳೆಯುವುದಿಲ್ಲ. ಆದುದರಿಂದ ಅದರಲ್ಲಿ ಒಳ್ಳೆಯ ಅಂಕ ಬಂದವರಲ್ಲೂ ಹಾನಿ ಇರಬಹುದು. ಆ ಅಂಶಗಳು ಮೋಕಾದಲ್ಲಿ ಸೇರಿರುವುದರಿಂದ ಕುಡಿಯುವವರ ವಿಷಯದಲ್ಲಿ ಅದು ಹೆಚ್ಚು ಉಪಯುಕ್ತ.

ಆದರೆ ಶಾಲೆಯ ಮೆಟ್ಟಿಲನ್ನೇ ಹತ್ತದ ಹಿರಿಯರಿಗೆ ಪೆನ್ಸಿಲ್ ಕೊಟ್ಟು ಘನಾಕೃತಿ ಬರೆಯಿರಿ ಎಂದರೆ, ಅಂಕ ಕಡಿಮೆ ಬರುವುದು ಮೆದುಳಿನ ಕಾಯಿಲೆಯಿಂದಲ್ಲ, ಅಕ್ಷರದ ಪರಿಚಯವಿಲ್ಲದ್ದರಿಂದ. ಈ ತೊಡಕನ್ನು ನಿವಾರಿಸಲು ಹರಿಯಾಣದ ಬಲ್ಲಭಗಢದ ಗ್ರಾಮೀಣ ಹಿರಿಯರಿಗಾಗಿ, ಓದು ಬರಹ ಬಾರದವರಿಗೂ ಹೊಂದುವಂತೆ ಹಿಂದಿಯ ಪರೀಕ್ಷೆಯೊಂದನ್ನು 1990ರ ದಶಕದಲ್ಲಿ ರೂಪಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಅರಿವಿನ ಪರೀಕ್ಷೆಗಳ ಒಂದು ಸಂಪುಟವನ್ನು ಹಲವು ಭಾರತೀಯ ಭಾಷೆಗಳಲ್ಲಿ ಸಿದ್ಧಪಡಿಸಿದ್ದು, ಕನ್ನಡವೂ ಅವುಗಳಲ್ಲಿ ಒಂದು. ಯಾವ ವ್ಯಕ್ತಿಗೆ ಯಾವ ಪರೀಕ್ಷೆ ಎಂಬುದನ್ನು ತರಬೇತಿ ಪಡೆದವರೇ ನಿರ್ಧರಿಸಬೇಕು. ಆಶಾ ಕಾರ್ಯಕರ್ತೆಯರು ಅಂಕ ಹಾಕಬೇಕಾಗಿಲ್ಲ. ಗಮನಿಸಿ, ಕೇಳಿ, ಕಳುಹಿಸುವುದಷ್ಟೇ ಅವರ ಕೆಲಸ.

ಮನೆಯವರನ್ನು ಕೇಳಬೇಕಾದ ಪ್ರಶ್ನೆಗಳು ಹೀಗಿರಲಿ. ಒಂದೇ ಮಾತನ್ನು ಸ್ವಲ್ಪ ಹೊತ್ತಿನಲ್ಲೇ ಮತ್ತೆ ಮತ್ತೆ ಕೇಳುತ್ತಾರೆಯೇ? ಅಂಗಡಿಯಲ್ಲಿ ಚಿಲ್ಲರೆ ಲೆಕ್ಕ ತಪ್ಪುತ್ತಿದೆಯೇ? ಪರಿಚಿತ ದಾರಿಯಲ್ಲಿ ಹೊಲಕ್ಕೆ ಹೋಗಿ ಬರುವಾಗ ದಾರಿ ತಪ್ಪಿದ್ದುಂಟೇ? ಪಂಪ್‌ಸೆಟ್ಟಿನ ಸ್ವಿಚ್ಚು, ಒಲೆ, ಗ್ಯಾಸು ಆರಿಸುವುದನ್ನು ಮರೆಯುತ್ತಾರೆಯೇ? ಮಾತ್ರೆಗಳನ್ನು ತಾವೇ ಸರಿಯಾಗಿ ತೆಗೆದುಕೊಳ್ಳುತ್ತಾರೆಯೇ? ಕುಡಿಯದೆ ಇರುವ ಹೊತ್ತಿನಲ್ಲೂ ಹೀಗಾಗುತ್ತದೆಯೇ? ಕೊನೆಯ ಪ್ರಶ್ನೆ ಅತ್ಯಂತ ಮುಖ್ಯವಾದುದು.

6. ಪರೀಕ್ಷೆಗೆ ಸರಿಯಾದ ಸಮಯ

ಅಮಲಿನಲ್ಲಿರುವಾಗ ಅಥವಾ ಕುಡಿತ ಬಿಟ್ಟ ಮೊದಲ ದಿನಗಳ ನಡುಕ, ಗೊಂದಲದ ನಡುವೆ ಅರಿವಿನ ಪರೀಕ್ಷೆ ನಡೆಸಿ ತೀರ್ಮಾನಕ್ಕೆ ಬರಬಾರದು. ಆಗ ಯಾರ ಅಂಕವೂ ಕಡಿಮೆಯೇ ಇರುತ್ತದೆ. ಕುಡಿತ ನಿಂತು ಕೆಲವು ವಾರಗಳಾದ ಮೇಲೆ ದೊರೆಯುವ ಫಲಿತಾಂಶವೇ ಹೆಚ್ಚು ನಂಬಲರ್ಹ. ಆ ಬಳಿಕವೂ ಕೆಲವು ತಿಂಗಳಿಗೊಮ್ಮೆ ಮರುಪರೀಕ್ಷೆ ನಡೆಯಬೇಕು. ಅಂಕ ಏರುತ್ತಿದ್ದರೆ ಚೇತರಿಕೆ. ಕುಡಿತ ನಿಂತರೂ ಇಳಿಯುತ್ತಿದ್ದರೆ ಬೇರೆ ಕಾಯಿಲೆಯ ಅನುಮಾನ. ಆದರೆ ‘ಕುಡಿತ ಬಿಟ್ಟು ಬರಲಿ, ಆಮೇಲೆ ನೋಡೋಣ’ ಎಂದು ಹಿಂದಕ್ಕೆ ಕಳುಹಿಸುವುದು ಸಲ್ಲದು. ವೈದ್ಯರ ಪ್ರಾಥಮಿಕ ಪರೀಕ್ಷೆ, ರಕ್ತಪರೀಕ್ಷೆ, ಥಯಾಮಿನ್ ಇವು ಯಾವುದಕ್ಕೂ ಕಾಯಬೇಕಾಗಿಲ್ಲ.

7. ಮಾತು ಕೇಳದವರೋ, ಮಾತು ಉಳಿಯದವರೋ?

ಅರವತ್ತೇಳು ವರ್ಷದ ಒಬ್ಬ ರೈತರನ್ನು ಊಹಿಸಿಕೊಳ್ಳಬಹುದು. ಅವರನ್ನು ಮೂರು ಬಾರಿ ಮದ್ಯವರ್ಜನ ಶಿಬಿರಕ್ಕೆ ಸೇರಿಸಲಾಗಿದೆ. ಪ್ರತಿಬಾರಿಯೂ ಅವರು ಪ್ರಮಾಣ ಮಾಡಿದ್ದಾರೆ; ಪ್ರತಿಬಾರಿಯೂ ತಿಂಗಳೊಳಗೆ ಕುಡಿತ ಮರಳಿದೆ. ಮಗ ಮಾತು ಬಿಟ್ಟಿದ್ದಾನೆ, ಹೆಂಡತಿ ಹರಕೆ ಹೊತ್ತು ದಣಿದಿದ್ದಾರೆ. ‘ಇವರಿಗೆ ಎಷ್ಟು ಹೇಳಿದರೂ ಅಷ್ಟೇ’ ಎಂಬುದು ಎಲ್ಲರ ಅಭಿಪ್ರಾಯ. ಆದರೆ ಶಿಬಿರದಲ್ಲಿ ಹೇಳಿದ್ದು ಅವರ ನೆನಪಿನಲ್ಲಿ ಉಳಿದಿತ್ತೇ, ಸಂಜೆ ಅಂಗಡಿಯ ಮುಂದೆ ಹಾದುಹೋಗುವಾಗ ಹಾಗೆಯೇ ಮುಂದೆ ನಡೆಯಬೇಕೆಂದು ನಿರ್ಧರಿಸುವ ಶಕ್ತಿ ಅವರ ಮೆದುಳಿನಲ್ಲಿ ಉಳಿದಿದೆಯೇ ಎಂದು ಯಾರೂ ಪರೀಕ್ಷಿಸಿಲ್ಲ.

ವ್ಯಸನಮುಕ್ತಿಯ ಆಪ್ತಸಮಾಲೋಚನೆ ಸಂಪೂರ್ಣವಾಗಿ ನೆನಪು ಮತ್ತು ಯೋಜನೆಯನ್ನು ಅವಲಂಬಿಸಿದೆ. ಹೇಳಿದ್ದನ್ನು ನೆನಪಿಡಬೇಕು, ಪ್ರಲೋಭನೆಯನ್ನು ಮೊದಲೇ ಊಹಿಸಬೇಕು, ಬೇರೆ ದಾರಿ ಹುಡುಕಬೇಕು. ಈ ಶಕ್ತಿಗಳೇ ಕುಂದಿದವರಿಗೆ ಒಂದು ಗಂಟೆಯ ಉಪದೇಶದಿಂದ ಪ್ರಯೋಜನವಿಲ್ಲ. ಅವರಿಗೆ ಬೇಕಾದುದು ಬೇರೆ ಬಗೆಯ ನೆರವು. ಒಂದು ಸಲಕ್ಕೆ ಒಂದೇ ವಿಷಯ, ಚಿಕ್ಕ ವಾಕ್ಯ, ಪುನರಾವರ್ತನೆ, ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅಥವಾ ಚಿತ್ರದಲ್ಲಿ ದಿನಚರಿ, ಮಾತ್ರೆಗೆ ವಾರದ ಡಬ್ಬಿ, ಪ್ರತಿ ಭೇಟಿಯಲ್ಲಿ ಜೊತೆಗೆ ಮನೆಯ ಒಬ್ಬರು, ಕೈಗೆ ಒಮ್ಮೆಲೇ ಹೆಚ್ಚು ಹಣ ಸಿಗದಂತೆ, ಅವರ ಒಪ್ಪಿಗೆಯಿಂದ, ಕುಟುಂಬ ಮಾಡಿಕೊಳ್ಳುವ ವ್ಯವಸ್ಥೆ. ಮುಖ್ಯವಾಗಿ, ಮನೆಯವರ ಮನಸ್ಸಿನಲ್ಲಿ ಒಂದು ಬದಲಾವಣೆಯಾಗುತ್ತದೆ. ಬೇಕೆಂದೇ ಮಾಡುತ್ತಾರೆ ಎಂದುಕೊಂಡದ್ದು ಕಾಯಿಲೆಯಿಂದ ಆಗುತ್ತಿದೆ ಎಂದು ತಿಳಿದಾಗ ಸಿಟ್ಟು ಸ್ವಲ್ಪವಾದರೂ ಇಳಿಯುತ್ತದೆ. ವರ್ಷಗಳ ಬೈಗುಳ, ಹೊಡೆತ, ಸಾಲಗಳನ್ನು ಸಹಿಸಿದ ಕುಟುಂಬಕ್ಕೆ ಇದು ಸುಲಭವಲ್ಲ. ಅವರ ನೋವನ್ನು ಕೇಳಿಸಿಕೊಳ್ಳದೆ ತಿಳಿವಳಿಕೆ ಮಾತ್ರ ಹೇಳುವುದು ನ್ಯಾಯವೂ ಅಲ್ಲ.

8. ದಿಢೀರ್ ನಿಲ್ಲಿಸುವುದರ ಅಪಾಯ

ದಿನವೂ ಹೆಚ್ಚು ಕುಡಿಯುವ ಹಿರಿಯರು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಾಪಾಯವೂ ಉಂಟಾಗಬಹುದು. ಕೊನೆಯ ಬಾರಿ ಕುಡಿದ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ನಿದ್ರಾಹೀನತೆ ಆರಂಭವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಜ್ವರ, ತೀವ್ರ ಗೊಂದಲ, ಇಲ್ಲದ್ದನ್ನು ಕಾಣುವುದು ಮುಂತಾದ ಸನ್ನಿಯ ಸ್ಥಿತಿ ತಲೆದೋರಬಹುದು. ಶ್ರಾವಣ ಮಾಸದಲ್ಲಿ, ಅಯ್ಯಪ್ಪ ಮಾಲೆ ಧರಿಸುವ ಕಾಲದಲ್ಲಿ, ಊರ ಜಾತ್ರೆಯ ವ್ರತದಲ್ಲಿ ಕುಡಿತ ಬಿಡುವ ಸಂಕಲ್ಪ ಮಾಡುವವರು ಅನೇಕರು. ಆ ಸಂಕಲ್ಪ ಗೌರವಾರ್ಹ. ಅದಕ್ಕೆ ಮುಂಚೆ ವೈದ್ಯರನ್ನು ಕಂಡು ಬಂದರೆ ಸಂಕಲ್ಪ ನೆರವೇರುವ ಸಾಧ್ಯತೆಯೂ ಹೆಚ್ಚು. ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವುದು, ತಿಳಿಯದಂತೆ ಊಟದಲ್ಲಿ ಔಷಧಿ ಬೆರೆಸುವುದು ಅಪಾಯಕಾರಿ. ಸನ್ನಿ ಬಂದವರನ್ನು ‘ಗಾಳಿ ಸೋಕಿದೆ’ ಎಂದು ಬೇರೆಡೆಗೆ ಒಯ್ಯದೆ 108 ಆಂಬುಲೆನ್ಸ್ ಕರೆಯಬೇಕು. ಮದ್ಯವರ್ಜನ ಶಿಬಿರಗಳನ್ನು ಆಯೋಜಿಸುವವರು ಅರವತ್ತು ದಾಟಿದವರಿಗೆ ಸೇರ್ಪಡೆಗೆ ಮುನ್ನವೇ ವೈದ್ಯಕೀಯ ತಪಾಸಣೆ ಏರ್ಪಡಿಸುವುದು ಅವಶ್ಯ.

9. ಎಲ್ಲಿಗೆ ಕಳುಹಿಸಬೇಕು?

ಮೊದಲ ಮೆಟ್ಟಿಲು ಆಯುಷ್ಮಾನ್ ಆರೋಗ್ಯ ಮಂದಿರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದಂದು ಮನೋವೈದ್ಯರ ಸೇವೆ ದೊರೆಯುತ್ತದೆ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಉಪಕ್ರಮದಡಿ ಜಿಲ್ಲಾಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್‌ಗಳನ್ನು ತೆರೆಯಲಾಗಿದೆ. ಮನೆಯಿಂದಲೇ ಸಲಹೆ ಪಡೆಯಲು ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಹಿರಿಯರ ಮೇಲಿನ ದೌರ್ಜನ್ಯ, ಪಿಂಚಣಿ ಮುಂತಾದ ವಿಷಯಗಳಿಗೆ ಹಿರಿಯರ ಸಹಾಯವಾಣಿ 14567 ಇದೆ.

10. ಗ್ರಾಮ ಪಂಚಾಯತಿಯ ಹೊಣೆ

ರೋಗ ನಿರ್ಣಯ ಪಂಚಾಯತಿಯ ಕೆಲಸವಲ್ಲ. ದಾರಿ ತೆರೆದಿಡುವುದು ಅದರ ಕೆಲಸ. ಈ ದೃಷ್ಟಿಯಿಂದ ಕೆಳಗಿನ ಕ್ರಮಗಳನ್ನು ಹೆಚ್ಚುವರಿ ಅನುದಾನವಿಲ್ಲದೆಯೇ ಕೈಗೊಳ್ಳಬಹುದು.

(ಅ) ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಮಾಸಿಕ ಸಭೆಯಲ್ಲಿ, ಕುಡಿತ ಮತ್ತು ಮರೆವು ಅಥವಾ ತೋಲ ತಪ್ಪುವಿಕೆ ಎರಡೂ ಕಾಲಂಗಳಲ್ಲಿ ‘ಹೌದು’ ಇರುವ ಹಿರಿಯರ ಸಂಖ್ಯೆಯನ್ನು ಮಾತ್ರ ಪರಿಶೀಲಿಸುವುದು. ಎಷ್ಟು ಮಂದಿಯನ್ನು ಕಳುಹಿಸಲಾಯಿತು, ಎಷ್ಟು ಮಂದಿ ತಲುಪಿದರು, ಎಷ್ಟು ಮಂದಿಗೆ ಮರುಪರೀಕ್ಷೆಯಾಯಿತು ಎಂಬ ಮೂರು ಅಂಕಿಗಳು ಸಾಕು.

(ಆ) ಹೆಸರುಗಳನ್ನು ಸಭೆಯಲ್ಲಿ ಓದದಿರುವುದು, ನಡಾವಳಿಯಲ್ಲಿ ಬರೆಯದಿರುವುದು. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಚಿಕಿತ್ಸೆಯ ವಿವರಗಳ ಗೌಪ್ಯತೆ ಆ ಕಾಯ್ದೆ ನೀಡಿದ ಹಕ್ಕು. ಗೌಪ್ಯತೆ ಇಲ್ಲವೆಂದು ಗೊತ್ತಾದ ದಿನದಿಂದ ಯಾರೂ ನಿಜ ಹೇಳುವುದಿಲ್ಲ.

(ಇ) ಒಂಟಿಯಾಗಿರುವ ಹಿರಿಯರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಲು ವಾರ್ಡಿಗೊಬ್ಬ ಸ್ವಯಂಸೇವಕರನ್ನು ಗುರುತಿಸುವುದು. ಬಸ್ಸಿನ ವೇಳೆ, ವೈದ್ಯರ ದಿನ, ಕೊಠಡಿ ಸಂಖ್ಯೆಗಳನ್ನು ಅರಿವು ಕೇಂದ್ರದ ಫಲಕದಲ್ಲಿ ಬರೆಯುವುದು.

(ಈ) ಜೀವಿತ ಪ್ರಮಾಣ ಪತ್ರ, ಬೆರಳಚ್ಚು ದೃಢೀಕರಣ, ಬ್ಯಾಂಕ್ ಜೋಡಣೆ ಮುಂತಾದವುಗಳನ್ನು ಮರೆತ ಕಾರಣಕ್ಕೆ ಪಿಂಚಣಿ ನಿಂತವರ ಪಟ್ಟಿಯನ್ನು ನೋಡುವುದು. ಆರೋಗ್ಯದ ನಮೂನೆ ತಲುಪದ ಹಿರಿಯರು ಕೆಲವೊಮ್ಮೆ ಈ ಪಟ್ಟಿಯಲ್ಲಿ ಸಿಗುತ್ತಾರೆ.

(ಉ) ಮರೆವಿನ ಹಿರಿಯರಿಂದ ಜಮೀನು, ಮನೆಗಳನ್ನು ಬರೆಯಿಸಿಕೊಂಡು ಕೈಬಿಟ್ಟ ದೂರು ಬಂದಲ್ಲಿ, ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ, 2007ರ ಅಡಿಯಲ್ಲಿ ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಲು ನೆರವಾಗುವುದು.

ಮಾನ್ಯರೇ, ಯಾವುದೇ ಪ್ರಮಾಣದ ಮದ್ಯಪಾನವೂ ಸಂಪೂರ್ಣ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ಕುಡಿತವನ್ನು ತಡೆಯುವ ಪ್ರಯತ್ನ ಮುಂದುವರಿಯಲೇಬೇಕು. ಆದರೆ ಈಗಾಗಲೇ ಹಾನಿಗೊಳಗಾದ ಹಿರಿಯರು ಆ ಪ್ರಯತ್ನ ಫಲಿಸುವವರೆಗೆ ಕಾಯಲಾರರು. ಅವರ ಕುಡಿತದ ತಪ್ಪು ಸರಿಗಳನ್ನು ಊರು ಬಹುಕಾಲದಿಂದ ಚರ್ಚಿಸಿದೆ. ಅವರ ಮೆದುಳಿನ ಸ್ಥಿತಿಯನ್ನು ಒಮ್ಮೆಯೂ ಪರೀಕ್ಷಿಸಿಲ್ಲ. ನಮೂನೆ ಇದೆ, ಪ್ರಶ್ನೆಗಳಿವೆ, ಆಸ್ಪತ್ರೆಯ ಬಾಗಿಲು ತೆರೆದಿದೆ. ಮುಂದಿನ ತಿಂಗಳ ಸಮಿತಿ ಸಭೆಯಲ್ಲಿ ಆ ಎರಡು ಕಾಲಂಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವ ಕೆಲಸವನ್ನು ಪ್ರತಿ ಗ್ರಾಮವೂ ಆರಂಭಿಸಲಿ ಎಂದು ವಿನಂತಿಸಿ ಈ ಮಾತುಗಳನ್ನು ಮುಗಿಸಲಾಗುತ್ತಿದೆ.